ವರ್ಚುವಲ್ ಯಂತ್ರದಲ್ಲಿ ಅಂತರ್ಜಾಲ ಆಟ: ಗಣಕಯಂತ್ರ ವರ್ತಕರು ಅರಿತಿರಬೇಕಾದ ನಿಯಮಗಳು

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಪ್ರತಿ ಬೀದಿಗೂ ತನ್ನದೇ ಆದ ಸರಕು, ತನ್ನದೇ ಆದ ವ್ಯಾಪಾರ ಧರ್ಮವಿದೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆಗಳು ಸರಕಿನಿಂದ ಹೆಸರು ಪಡೆದರೆ, ನಗರ್ತಪೇಟೆಯು ನಗರ್ತ ವರ್ತಕ ಸಮುದಾಯದಿಂದ ಹೆಸರು ಪಡೆಯಿತು. ಅದಕ್ಕೆ ಹೊಂದಿಕೊಂಡ ಸಾದರ್ ಪತ್ರಪ್ಪ ರಸ್ತೆ, ಅಂದರೆ ನಾವೆಲ್ಲರೂ ಬಲ್ಲ ಎಸ್.ಪಿ. ರಸ್ತೆ, ಇಂದು ಗಣಕಯಂತ್ರದ ಬಿಡಿಭಾಗಗಳಿಗೆ ರಾಜ್ಯದಲ್ಲೆಲ್ಲ ಹೆಸರಾಗಿದೆ. ಗ್ರಾಹಕನ ಅಗತ್ಯವನ್ನು ಕೇಳಿ, ಅದಕ್ಕೆ ತಕ್ಕ ಬಿಡಿಭಾಗಗಳನ್ನು ಆರಿಸಿ, ಯಂತ್ರವನ್ನು ಜೋಡಿಸಿಕೊಡುವುದೇ ಇಲ್ಲಿನ ವ್ಯಾಪಾರದ ಜೀವಾಳ.

ಹೀಗೆ ಜೋಡಿಸಿಕೊಡುವ ಯಂತ್ರಗಳಲ್ಲಿ ಆಟಕ್ಕೆಂದೇ ಕೊಳ್ಳುವ ಯಂತ್ರಗಳಿಗೆ ಈಗ ಪ್ರತ್ಯೇಕ ಬೇಡಿಕೆಯಿದೆ. ಮನೆಯಲ್ಲಿ ಆಡುವ ಯುವಕರು ಒಂದು ಕಡೆ, ಬಡಾವಣೆಗಳಲ್ಲಿ ಗೇಮಿಂಗ್ ಪಾರ್ಲರ್ ತೆರೆಯುವ ಸಣ್ಣ ಉದ್ಯಮಿಗಳು ಇನ್ನೊಂದು ಕಡೆ. ಈ ಎರಡನೆಯ ವರ್ಗದ ಗ್ರಾಹಕರಿಂದ ಸಹಜವಾಗಿಯೇ ಏಳುವ ಪ್ರಶ್ನೆಯೊಂದಿದೆ: "ನಾಲ್ಕು ಯಂತ್ರ ಕೊಳ್ಳುವ ಬದಲು ಒಂದೇ ಬಲಿಷ್ಠ ಯಂತ್ರವನ್ನು ಕೊಂಡು, ಅದನ್ನೇ ತಂತ್ರಾಂಶದ ಮೂಲಕ ನಾಲ್ಕಾಗಿ ವಿಭಾಗಿಸಿದರೆ ಆಗುವುದಿಲ್ಲವೇ?" ತಾಂತ್ರಿಕವಾಗಿ ಇದಕ್ಕೆ ಉತ್ತರ "ಆಗುತ್ತದೆ" ಎಂದೇ. ಆದರೆ ಆ ಉತ್ತರವನ್ನು ನಂಬಿ ಹಣ ಹೂಡಿದ ಗ್ರಾಹಕನು, ಯಂತ್ರ ಸರಿಯಾಗಿದ್ದರೂ ಆಟವೇ ತೆರೆಯುತ್ತಿಲ್ಲವೆಂದು, ಅಥವಾ ತನ್ನ ಖಾತೆಯೇ ರದ್ದಾಯಿತೆಂದು ಮರಳಿ ಬರುವ ಸಂಭವವಿದೆ. ಆಗ ನಷ್ಟ ಯಾರದು? ಈ ಲೇಖನದಲ್ಲಿ ಆಟದ ಕಂಪನಿಗಳ ನಿಯಮಗಳು, ಅವುಗಳ ಹಿಂದಿರುವ ಕಾರಣ ಮತ್ತು ಮಾರುವವನ ಹೊಣೆಗಾರಿಕೆಯನ್ನು ವಿವರಿಸಲು ಪ್ರಯತ್ನಿಸಲಾಗಿದೆ.

ವರ್ಚುವಲ್ ಯಂತ್ರವೆಂದರೇನು?

ಒಂದು ದೊಡ್ಡ ಮಳಿಗೆಗೆ ಅಡ್ಡಗೋಡೆಗಳನ್ನು ಹಾಕಿ ನಾಲ್ವರು ಬಾಡಿಗೆದಾರರಿಗೆ ಕೊಟ್ಟಂತೆ, ಒಂದು ಗಣಕಯಂತ್ರದ ಸಂಸ್ಕರಣಾ ಶಕ್ತಿ, ಸ್ಮರಣೆ ಹಾಗೂ ಡಿಸ್ಕನ್ನು ಪಾಲು ಮಾಡಿ, ಪ್ರತಿ ಪಾಲಿನಲ್ಲಿಯೂ ಪ್ರತ್ಯೇಕ ಕಾರ್ಯಾಚರಣಾ ವ್ಯವಸ್ಥೆಯನ್ನು ನಡೆಸುವ ವಿಧಾನವೇ ವರ್ಚುವಲ್ ಯಂತ್ರ. ಈ ಪಾಲು ಹಂಚುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಒಳಗಿರುವ ವಿಂಡೋಸ್ ತಾನೊಂದು ಸ್ವತಂತ್ರ ಯಂತ್ರದ ಮೇಲಿದ್ದೇನೆಂದೇ ಭಾವಿಸಿ ಕೆಲಸ ಮಾಡುತ್ತದೆ. ಕೆಳಗೆ ಅಡಿಪಾಯದಂತಿರುವ ಹೈಪರ್‌ವೈಸರ್ ಅದಕ್ಕೆ ಬೇಕಾದುದನ್ನು ಒದಗಿಸುತ್ತದೆ.

ಈ ತಂತ್ರ ಹೊಸದಲ್ಲ. ಐಬಿಎಂ ಸಂಸ್ಥೆಯು 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಮೇಜಿನ ಮೇಲಿನ ಸಾಮಾನ್ಯ ಗಣಕಕ್ಕೆ ಇದನ್ನು ತಂದದ್ದು 1998ರಲ್ಲಿ ಸ್ಥಾಪನೆಯಾದ ವಿಎಂವೇರ್. ಅದರ ವರ್ಕ್‌ಸ್ಟೇಷನ್ ತಂತ್ರಾಂಶ 1999ರಲ್ಲಿ ಮಾರುಕಟ್ಟೆಗೆ ಬಂದಿತು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ತಮ್ಮ ಸಂಸ್ಕಾರಕಗಳಲ್ಲಿಯೇ ಇದಕ್ಕೆ ನೆರವಾಗುವ ಸೌಲಭ್ಯವನ್ನು ಅಳವಡಿಸಿದವು. 2007ರಲ್ಲಿ ಬಂದ ವರ್ಚುವಲ್‌ಬಾಕ್ಸ್ ಉಚಿತವಾಗಿ ದೊರೆಯಿತು. 2012ರ ವಿಂಡೋಸ್ 8ರಿಂದೀಚೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಹೈಪರ್-ವಿ ವಿಂಡೋಸ್‌ನ ವೃತ್ತಿಪರ ಆವೃತ್ತಿಗಳಲ್ಲಿಯೇ ಸೇರಿಕೊಂಡಿತು.

ವ್ಯಾಪಾರ ಮತ್ತು ಸಣ್ಣ ಕೈಗಾರಿಕೆಗೆ ಇದರಿಂದ ಪ್ರಯೋಜನವೂ ಉಂಟು. ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಲೆಕ್ಕಪತ್ರದ ಅಥವಾ ವಿನ್ಯಾಸದ ತಂತ್ರಾಂಶವನ್ನು ಹೊಸ ಯಂತ್ರದೊಳಗೆ ಉಳಿಸಿಕೊಳ್ಳಬಹುದು. ಕಚೇರಿಯ ಹಲವು ಕೆಲಸಗಳನ್ನು ಒಂದೇ ಸರ್ವರ್‌ನಲ್ಲಿ ಬೇರೆ ಬೇರೆಯಾಗಿ ಇರಿಸಬಹುದು. ಯಂತ್ರ ಕೆಟ್ಟರೆ ಇಡೀ ವರ್ಚುವಲ್ ಯಂತ್ರವನ್ನು ಒಂದು ಕಡತದಂತೆ ಮತ್ತೊಂದು ಯಂತ್ರಕ್ಕೆ ಸಾಗಿಸಬಹುದು. ಆದುದರಿಂದ "ಬಿಲ್ಲಿಂಗ್‌ಗೆ ಒಪ್ಪುವ ವ್ಯವಸ್ಥೆ ಆಟಕ್ಕೆ ಏಕೆ ಒಪ್ಪದು?" ಎಂದು ಗ್ರಾಹಕನು ಕೇಳುವುದು ಸಹಜವೇ ಆಗಿದೆ.

ಆಟದ ಕಂಪನಿಗಳ ಆಕ್ಷೇಪವೇನು?

ಇದನ್ನು ತಕ್ಕಡಿಯ ಉದಾಹರಣೆಯಿಂದ ತಿಳಿಯಬಹುದು. ಅಳತೆ ಮತ್ತು ತೂಕ ಇಲಾಖೆಯ ನಿರೀಕ್ಷಕರು ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಆದರೆ ಮುದ್ರೆ ಒತ್ತಿದ ತಕ್ಕಡಿಯನ್ನು ವ್ಯಾಪಾರಿಯು ತನ್ನ ಕಾಲಿನಿಂದ ಓರೆ ಮಾಡಬಲ್ಲ ಮೇಜಿನ ಮೇಲಿಟ್ಟರೆ ಆ ಮುದ್ರೆಗೆ ಬೆಲೆಯಿರುವುದಿಲ್ಲ. ತಕ್ಕಡಿ ಸರಿಯಾಗಿಯೇ ಇದೆ, ಕೆಳಗಿನ ನೆಲ ಮಾತ್ರ ಸ್ಥಿರವಾಗಿಲ್ಲ.

ಹಲವರು ಏಕಕಾಲದಲ್ಲಿ ಸ್ಪರ್ಧಿಸುವ ಆಟಗಳಲ್ಲಿ ಗೋಡೆಯಾಚೆಯ ಎದುರಾಳಿಯನ್ನು ಕಾಣುವ, ತಾನಾಗಿಯೇ ಗುರಿಯಿಡುವ ಮೋಸದ ತಂತ್ರಾಂಶಗಳು ಬಳಕೆಯಲ್ಲಿವೆ. ಇವುಗಳನ್ನು ಪತ್ತೆಹಚ್ಚಲು ಕಂಪನಿಗಳು ಆಟದೊಂದಿಗೆ ವಂಚನೆ-ತಡೆ ತಂತ್ರಾಂಶವನ್ನು ಒದಗಿಸುತ್ತವೆ. ಅದು ವಿಂಡೋಸ್‌ನ ಅತ್ಯಂತ ಕೆಳಗಿನ ಪದರದಲ್ಲಿ ಕುಳಿತು, ಆಟದ ಸ್ಮರಣೆಯನ್ನು ಬೇರಾರಾದರೂ ಓದುತ್ತಿದ್ದಾರೆಯೇ ಎಂದು ಕಾವಲು ಕಾಯುತ್ತದೆ. ಆದರೆ ವಿಂಡೋಸ್ ವರ್ಚುವಲ್ ಯಂತ್ರದೊಳಗಿದ್ದರೆ ಅದಕ್ಕಿಂತಲೂ ಕೆಳಗೆ ಇನ್ನೊಂದು ಪದರ ಇರುತ್ತದೆ. ಆ ಪದರದಲ್ಲಿರುವ ತಂತ್ರಾಂಶವು ಒಳಗಿನ ಸ್ಮರಣೆಯನ್ನೆಲ್ಲ ಓದಬಲ್ಲದು, ತಿದ್ದಲೂಬಲ್ಲದು. ಒಳಗಿರುವ ಕಾವಲುಗಾರನಿಗೆ ಅದು ಕಾಣುವುದೇ ಇಲ್ಲ. ಗ್ರಾಹಕನು ಪ್ರಾಮಾಣಿಕನೇ ಆಗಿರಬಹುದು. ಆದರೆ ಹಾಗೆಂದು ಸಾಬೀತುಪಡಿಸಲು ಒಳಗಿನಿಂದ ಸಾಧ್ಯವಿಲ್ಲವಾದ ಕಾರಣ ಕಂಪನಿಯು ಪ್ರವೇಶವನ್ನೇ ನಿರಾಕರಿಸುತ್ತದೆ.

ಎರಡನೆಯ ಆಕ್ಷೇಪವು ವ್ಯಾಪಾರದ ಸ್ವರೂಪದ್ದು. ಒಬ್ಬನೇ ಹತ್ತಾರು ವರ್ಚುವಲ್ ಯಂತ್ರಗಳಲ್ಲಿ ಹತ್ತಾರು ಉಚಿತ ಖಾತೆಗಳನ್ನು ನಡೆಸಿ, ಆಟದೊಳಗಿನ ನಾಣ್ಯ ಮತ್ತು ಸಾಮಗ್ರಿಗಳನ್ನು ಕೂಡಿಹಾಕಿ ಹೊರಗೆ ಮಾರುವುದುಂಟು. ಇದರಿಂದ ಆಟದೊಳಗಿನ ಮಾರುಕಟ್ಟೆ ಕುಸಿಯುತ್ತದೆ. ಪಡಿತರ ಅಂಗಡಿಯಲ್ಲಿ ಒಬ್ಬನೇ ಹತ್ತು ಚೀಟಿ ಹಿಡಿದು ನಿಂತರೆ ಉಳಿದವರ ಗತಿ ಏನಾಗುವುದೋ ಇಲ್ಲಿಯೂ ಅದೇ.

ಪತ್ತೆಯಾಗುವುದು ಹೇಗೆ?

ವರ್ಚುವಲ್ ಯಂತ್ರವು ತನ್ನ ಗುರುತನ್ನು ಹಲವು ಕಡೆ ಬಿಟ್ಟಿರುತ್ತದೆ. ಸಂಸ್ಕಾರಕವನ್ನು ವಿಚಾರಿಸಿದಾಗ ಅದು ಕೊಡುವ ಉತ್ತರದಲ್ಲಿ "ಕೆಳಗೆ ಹೈಪರ್‌ವೈಸರ್ ಇದೆ" ಎಂದು ಸೂಚಿಸಲೆಂದೇ ಒಂದು ಸ್ಥಾನವಿದೆ. ಡಿಸ್ಕ್, ಮದರ್‌ಬೋರ್ಡ್, ನೆಟ್‌ವರ್ಕ್ ಕಾರ್ಡುಗಳ ಹೆಸರಿನಲ್ಲಿ ತಯಾರಕರ ಬದಲು ವಿಎಂವೇರ್, ವರ್ಚುವಲ್‌ಬಾಕ್ಸ್, ಕ್ಯುಇಎಂಯು ಮೊದಲಾದ ಹೆಸರುಗಳು ಕಾಣುತ್ತವೆ. ಕೆಲವು ಆದೇಶಗಳು ನಿಜ ಯಂತ್ರಕ್ಕಿಂತ ಹೆಚ್ಚು ಸಮಯವನ್ನು ತೆಗೆದುಕೊಳ್ಳುತ್ತವೆ.

ಇಲ್ಲಿ ವರ್ತಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವಿಂಡೋಸ್ 11 ತನ್ನ ಸುರಕ್ಷತೆಗಾಗಿ ತಾನೇ ಹೈಪರ್-ವಿ ಪದರವನ್ನು ಬಳಸಿಕೊಳ್ಳುತ್ತದೆ. ಮೆಮೊರಿ ಇಂಟೆಗ್ರಿಟಿ ಎಂಬ ಸೌಲಭ್ಯ ಚಾಲನೆಯಲ್ಲಿದ್ದರೆ ಸಾಮಾನ್ಯ ಯಂತ್ರದಲ್ಲಿಯೂ ಹೈಪರ್‌ವೈಸರ್ ಇರುತ್ತದೆ. ಅಂತಹ ಯಂತ್ರವನ್ನು ಕಂಪನಿಗಳು ವರ್ಚುವಲ್ ಯಂತ್ರವೆಂದು ಪರಿಗಣಿಸುವುದಿಲ್ಲ. ಗ್ರಾಹಕನಿಗೆ ಆಟ ತೆರೆಯದಿದ್ದಾಗ ಕಾರಣವನ್ನು ತಿಳಿಯದೆ ಈ ಸುರಕ್ಷತಾ ಸೌಲಭ್ಯಗಳನ್ನೆಲ್ಲ ಮುಚ್ಚಿಬಿಡುವುದು ಸರಿಯಲ್ಲ. ಇತ್ತೀಚಿನ ಕೆಲವು ಆಟಗಳು ಅವುಗಳನ್ನೇ ಕಡ್ಡಾಯವಾಗಿ ಕೇಳುತ್ತವೆ.

ನಿಯಮಗಳ ಮೂರು ಬಗೆ

ಎಲ್ಲ ಕಂಪನಿಗಳ ನಿಯಮ ಒಂದೇ ರೀತಿಯದಲ್ಲ. ಸ್ಥೂಲವಾಗಿ ಅವುಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು, ಪೂರ್ಣ ನಿರಾಕರಣೆ. ಅಮೆರಿಕದ ರಯಟ್ ಗೇಮ್ಸ್ ಸಂಸ್ಥೆಯ ವ್ಯಾಲರಂಟ್ ಆಟವು 2020ರಲ್ಲಿ ವ್ಯಾನ್‌ಗಾರ್ಡ್ ಎಂಬ ವಂಚನೆ-ತಡೆ ತಂತ್ರಾಂಶದೊಂದಿಗೆ ಬಂದಿತು. ಇದು ಯಂತ್ರ ಆರಂಭವಾಗುವಾಗಲೇ ಚಾಲನೆಗೊಳ್ಳುತ್ತದೆ ಮತ್ತು ವರ್ಚುವಲ್ ಯಂತ್ರದಲ್ಲಿ ಆಡಲು ಬಿಡುವುದಿಲ್ಲ. 2024ರ ಮೇ ತಿಂಗಳಿನಿಂದ ಅದೇ ಸಂಸ್ಥೆಯ ಲೀಗ್ ಆಫ್ ಲೆಜೆಂಡ್ಸ್ ಆಟಕ್ಕೂ ಇದು ಅನ್ವಯವಾಯಿತು. ಅದುವರೆಗೆ ಲಿನಕ್ಸ್‌ನಲ್ಲಿ ಅಥವಾ ವರ್ಚುವಲ್ ಯಂತ್ರದಲ್ಲಿ ತೊಂದರೆಯಿಲ್ಲದೆ ಆಡುತ್ತಿದ್ದವರಿಗೂ ಅಂದಿನಿಂದ ಬಾಗಿಲು ಮುಚ್ಚಿತು. ನಿನ್ನೆ ನಡೆದ ಆಟ ಇಂದು ನಡೆಯದೆ ಹೋಗಬಹುದೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ. ಎಪಿಕ್ ಗೇಮ್ಸ್ ಒಡೆತನದ ಈಸಿ ಆ್ಯಂಟಿ-ಚೀಟ್ ಹಲವು ಕಂಪನಿಗಳ ಆಟಗಳಲ್ಲಿ ಬಳಕೆಯಲ್ಲಿದ್ದು, ವರ್ಚುವಲ್ ಯಂತ್ರ ಕಂಡುಬಂದರೆ ಆಟವನ್ನು ಆರಂಭಿಸಲು ಬಿಡದೆ ಸೂಚನೆ ನೀಡುತ್ತದೆ.

ಎರಡನೆಯದು, ಉದ್ದೇಶವನ್ನು ನೋಡಿ ನಿರ್ಬಂಧ. ಐಸ್‌ಲೆಂಡಿನ ಸಿಸಿಪಿ ಸಂಸ್ಥೆಯ ಈವ್ ಆನ್‌ಲೈನ್ ಆಟದಲ್ಲಿ ಹಣ ಕೊಟ್ಟು ಪಡೆದ ಹಲವು ಖಾತೆಗಳನ್ನು ಒಟ್ಟಿಗೆ ನಡೆಸಲು ಅಡ್ಡಿಯಿಲ್ಲ. ಆದರೆ 2016ರಲ್ಲಿ ಆರಂಭಿಸಿದ ಉಚಿತ ಖಾತೆಯನ್ನು ಇನ್ನೊಂದು ಖಾತೆಯೊಡನೆ ಏಕಕಾಲದಲ್ಲಿ ನಡೆಸುವಂತಿಲ್ಲ. ಈ ಮಿತಿಯನ್ನು ವರ್ಚುವಲ್ ಯಂತ್ರದ ನೆರವಿನಿಂದ ದಾಟುವುದು ಕರಾರಿನ ಉಲ್ಲಂಘನೆಯಾಗುತ್ತದೆ. ಇಲ್ಲಿ ತಪ್ಪು ಯಂತ್ರದ್ದಲ್ಲ, ಅದನ್ನು ಬಳಸಿದ ಉದ್ದೇಶದ್ದು.

ಮೂರನೆಯದು, ಪ್ರತ್ಯೇಕಿಸುವಿಕೆ. ಇದು ಮೊಬೈಲ್ ಆಟಗಳಲ್ಲಿ ಕಾಣಬರುತ್ತದೆ. ಮೊಬೈಲ್ ಫೋನನ್ನೇ ಗಣಕದೊಳಗೆ ಸೃಷ್ಟಿಸುವ ಎಮ್ಯುಲೇಟರ್ ತಂತ್ರಾಂಶವೂ ವರ್ಚುವಲ್ ಯಂತ್ರದ ಒಂದು ರೂಪವೇ. ಕೀಲಿಮಣೆ ಮತ್ತು ಮೌಸ್ ಹಿಡಿದವನಿಗೆ ಗಾಜಿನ ಪರದೆಯ ಮೇಲೆ ಬೆರಳಾಡಿಸುವವನಿಗಿಂತ ಗುರಿಯಿಡುವುದು ಸುಲಭ. ಆದುದರಿಂದ ಪಬ್‌ಜಿ ಮೊಬೈಲ್ ಆಟದ ಪ್ರಕಾಶಕರಾದ ಟೆನ್ಸೆಂಟ್ ಸಂಸ್ಥೆಯು ತನ್ನದೇ ಎಮ್ಯುಲೇಟರನ್ನು ಒದಗಿಸಿ, ಅದರಲ್ಲಿ ಆಡುವವರನ್ನು ಅಂತಹವರೊಂದಿಗೇ ಜೋಡಿಸುವ ಕ್ರಮವನ್ನು ಅನುಸರಿಸಿತು. ಆ ಆಟವು 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ನಿಷೇಧಕ್ಕೊಳಗಾಯಿತು. 2021ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಸಂಸ್ಥೆಯು ನಮ್ಮ ದೇಶಕ್ಕೆಂದೇ ತಂದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಟವು ಎಮ್ಯುಲೇಟರ್ ಬಳಕೆಯನ್ನು ಅನುಮತಿಸುವುದಿಲ್ಲ. "ಹಿಂದೆ ಪಬ್‌ಜಿ ಗಣಕದಲ್ಲಿ ನಡೆಯುತ್ತಿತ್ತಲ್ಲ" ಎಂಬ ನೆನಪಿನ ಮೇಲೆ ಗ್ರಾಹಕನಿಗೆ ಭರವಸೆ ಕೊಡುವುದು ಈ ಕಾರಣದಿಂದ ಅಪಾಯಕಾರಿ.

ಯಂತ್ರವಲ್ಲ, ಅದು ಯಾರ ಕೈಯಲ್ಲಿದೆ ಎಂಬುದು ಮುಖ್ಯ

ಈ ನಿಯಮಗಳು ವರ್ಚುವಲ್ ತಂತ್ರಜ್ಞಾನದ ಮೇಲಿನ ದ್ವೇಷದಿಂದ ಹುಟ್ಟಿದವಲ್ಲ. ಎನ್‌ವಿಡಿಯಾ ಸಂಸ್ಥೆಯ ಜಿಫೋರ್ಸ್ ನೌ ಎಂಬ ಸೇವೆಯಲ್ಲಿ ಆಟವು ದೂರದ ದತ್ತಾಂಶ ಕೇಂದ್ರದ ವರ್ಚುವಲ್ ಯಂತ್ರದಲ್ಲಿಯೇ ನಡೆಯುತ್ತದೆ. ಎಪಿಕ್ ಸಂಸ್ಥೆಯ ಫೋರ್ಟ್‌ನೈಟ್ ಆಟವೂ ಅಲ್ಲಿ ಲಭ್ಯವಿದೆ. ಮನೆಯ ವರ್ಚುವಲ್ ಯಂತ್ರವನ್ನು ತಡೆಯುವ ಕಂಪನಿಯೇ ಅಲ್ಲಿ ಒಪ್ಪಿಕೊಂಡಿರುವುದಕ್ಕೆ ಕಾರಣ ಸರಳ. ಅಲ್ಲಿ ಕೆಳಗಿನ ಪದರವು ಆಟಗಾರನ ಕೈಯಲ್ಲಿಲ್ಲ, ಒಪ್ಪಂದ ಮಾಡಿಕೊಂಡ ಸಂಸ್ಥೆಯ ಕೈಯಲ್ಲಿದೆ. ಆ ಸೇವೆಯೂ ಎಲ್ಲ ಆಟಗಳನ್ನು ಕೊಡಲಾರದು. 2020ರ ಫೆಬ್ರವರಿಯಲ್ಲಿ ಆ್ಯಕ್ಟಿವಿಷನ್ ಬ್ಲಿಝರ್ಡ್ ಮತ್ತು ಬೆಥೆಸ್ಡಾ ಸಂಸ್ಥೆಗಳು ತಮ್ಮ ಆಟಗಳನ್ನು ಅಲ್ಲಿಂದ ಹಿಂತೆಗೆದುಕೊಂಡವು. ಗ್ರಾಹಕನು ಆಟವನ್ನು ಕೊಂಡಿದ್ದರೂ ಅದನ್ನು ಎಲ್ಲಿ ನಡೆಸಬಹುದೆಂಬುದು ಕರಾರಿನ ವಿಷಯವೇ ಆಗಿ ಉಳಿಯುತ್ತದೆ.

ನಮ್ಮ ಗೇಮಿಂಗ್ ಪಾರ್ಲರ್‌ನಲ್ಲಾದರೋ ಕೆಳಗಿನ ಪದರ ಪಾರ್ಲರ್ ಮಾಲೀಕನ ಅಥವಾ ಅದನ್ನು ಜೋಡಿಸಿಕೊಟ್ಟ ವರ್ತಕನ ಕೈಯಲ್ಲಿರುತ್ತದೆ. ಆಟದ ಕಂಪನಿಗೆ ಅವರಿಬ್ಬರ ಪರಿಚಯವೂ ಇಲ್ಲ, ಅವರೊಂದಿಗೆ ಒಪ್ಪಂದವೂ ಇಲ್ಲ.

ಯಂತ್ರದ ಗುರುತಿಗೂ ನಿಷೇಧ

ಖಾತೆ ರದ್ದಾದರೆ ಹೊಸ ಖಾತೆ ತೆರೆದರಾಯಿತು ಎಂಬ ಅಭಿಪ್ರಾಯ ಕೆಲವರಲ್ಲಿದೆ. ಇದು ಪೂರ್ಣ ಸತ್ಯವಲ್ಲ. ಕೆಲವು ವಂಚನೆ-ತಡೆ ವ್ಯವಸ್ಥೆಗಳು ಖಾತೆಯನ್ನಷ್ಟೇ ಅಲ್ಲದೆ ಮದರ್‌ಬೋರ್ಡ್, ಡಿಸ್ಕ್ ಮೊದಲಾದವುಗಳ ಕ್ರಮಸಂಖ್ಯೆಯನ್ನೂ ಗುರುತಿಟ್ಟು, ಆ ಯಂತ್ರವನ್ನೇ ನಿಷೇಧಿಸುತ್ತವೆ. ಇದರಿಂದ ನಮ್ಮ ಪೇಟೆಯ ಎರಡು ವರ್ಗಗಳಿಗೆ ನೇರ ತೊಂದರೆಯಿದೆ.

ಗೇಮಿಂಗ್ ಪಾರ್ಲರ್‌ನಲ್ಲಿ ಒಬ್ಬ ಗಿರಾಕಿ ಮೋಸದ ತಂತ್ರಾಂಶವನ್ನು ಬಳಸಿ ಸಿಕ್ಕಿಬಿದ್ದರೆ, ಅನಂತರ ಅದೇ ಆಸನದಲ್ಲಿ ಕುಳಿತ ಪ್ರಾಮಾಣಿಕ ಗಿರಾಕಿಗೂ ಆಟ ತೆರೆಯದೆ ಹೋಗಬಹುದು. ಒಂದೇ ಯಂತ್ರವನ್ನು ನಾಲ್ಕಾಗಿ ವಿಭಾಗಿಸಿದ್ದಲ್ಲಿ ಒಬ್ಬನ ತಪ್ಪಿಗೆ ನಾಲ್ಕೂ ಆಸನಗಳ ಸಂಪಾದನೆ ನಿಲ್ಲುವ ಅಪಾಯವಿರುತ್ತದೆ. ಎರಡನೆಯದಾಗಿ, ಹಳೆಯ ಮದರ್‌ಬೋರ್ಡ್ ಮತ್ತು ಡಿಸ್ಕುಗಳನ್ನು ಕೊಂಡು ಮಾರುವ ವರ್ತಕರು, ಹಿಂದಿನ ಮಾಲೀಕನು ಗಳಿಸಿಕೊಂಡ ನಿಷೇಧವನ್ನೂ ತಿಳಿಯದೆ ಮಾರುವ ಸಂಭವವಿದೆ. ಇಂತಹ ಬಿಡಿಭಾಗವು ಎಲ್ಲ ಪರೀಕ್ಷೆಗಳಲ್ಲಿ ಉತ್ತೀರ್ಣವಾಗುತ್ತದೆ. ಆಟದಲ್ಲಿ ಮಾತ್ರ ತಿರಸ್ಕೃತವಾಗುತ್ತದೆ.

ಯಂತ್ರಾಂಶ ಮತ್ತು ವಿಂಡೋಸ್ ಪರವಾನಗಿಯ ಲೆಕ್ಕ

ಒಂದು ಯಂತ್ರವನ್ನು ನಾಲ್ಕಾಗಿ ವಿಭಾಗಿಸಿದರೆ ಉಳಿತಾಯವೆಷ್ಟು ಎಂಬುದನ್ನೂ ಪರಿಶೀಲಿಸಬೇಕು. ಆಧುನಿಕ ಆಟಕ್ಕೆ ಗ್ರಾಫಿಕ್ಸ್ ಕಾರ್ಡ್ ಅನಿವಾರ್ಯ. ಸಾಮಾನ್ಯ ಬಳಕೆಯ ಕಾರ್ಡುಗಳನ್ನು ಹಲವು ವರ್ಚುವಲ್ ಯಂತ್ರಗಳಿಗೆ ಹಂಚುವುದು ಸುಲಭವಲ್ಲವಾದುದರಿಂದ ಸಾಮಾನ್ಯವಾಗಿ ಪ್ರತಿ ಆಸನಕ್ಕೂ ಒಂದು ಕಾರ್ಡನ್ನು ನೇರವಾಗಿ ವಹಿಸಿಕೊಡಬೇಕಾಗುತ್ತದೆ. ಎನ್‌ವಿಡಿಯಾ ಸಂಸ್ಥೆಯು ತನ್ನ ಜಿಫೋರ್ಸ್ ಕಾರ್ಡುಗಳಿಗೆ ಇದನ್ನು ಅಧಿಕೃತವಾಗಿ ಅನುಮತಿಸಿದ್ದು 2021ರಲ್ಲಿ. ಅದಕ್ಕೂ ಮೊದಲು ಅದರ ಚಾಲಕ ತಂತ್ರಾಂಶವೇ ದೋಷ ತೋರಿಸಿ ನಿಲ್ಲುತ್ತಿತ್ತು. ನಾಲ್ಕು ಕಾರ್ಡುಗಳನ್ನು ಹಿಡಿಯುವ ಮದರ್‌ಬೋರ್ಡ್, ಅವುಗಳಿಗೆ ತಕ್ಕ ವಿದ್ಯುತ್ ಪೂರೈಕೆ ಮತ್ತು ತಂಪುಕಾರಕಗಳ ವೆಚ್ಚವನ್ನು ಸೇರಿಸಿದರೆ ಉಳಿತಾಯದ ಬಹುಪಾಲು ಕರಗುತ್ತದೆ.

ವಿಂಡೋಸ್ ಪರವಾನಗಿಯ ವಿಷಯವೂ ಇದೆ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಅದರ ಗೃಹಬಳಕೆಯ ಆವೃತ್ತಿಗಳನ್ನು ವರ್ಚುವಲ್ ಯಂತ್ರದಲ್ಲಿ ಬಳಸುವಂತಿರಲಿಲ್ಲ. 2008ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಈ ನಿರ್ಬಂಧವನ್ನು ತೆಗೆಯಿತು. ಇಂದಿನ ವಿಂಡೋಸ್ ಕರಾರಿನಂತೆ ಒಂದು ಪರವಾನಗಿ ಒಂದು ಸಾಧನಕ್ಕೆ, ಆ ಸಾಧನವು ಭೌತಿಕವಾಗಿರಲಿ, ವರ್ಚುವಲ್ ಆಗಿರಲಿ. ಹೀಗಾಗಿ ನಾಲ್ಕು ವರ್ಚುವಲ್ ಯಂತ್ರಗಳಿಗೆ ನಾಲ್ಕು ಪರವಾನಗಿ ಬೇಕು. ಕೆಳಗಿನ ಮೂಲ ಯಂತ್ರವೂ ವಿಂಡೋಸ್‌ನಲ್ಲಿಯೇ ಇದ್ದರೆ ಐದನೆಯದೂ ಬೇಕು. ಪರವಾನಗಿಯಿಲ್ಲದ ಪ್ರತಿಯನ್ನು ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಪ್ರಕರಣದಡಿ ಅಪರಾಧವಾಗಿದ್ದು, ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಅದು ವಿಧಿಸುತ್ತದೆ.

ಕರಾರಿನ ಬಲ ಮತ್ತು ಮಾರುವವನ ಹೊಣೆ

ಆಟವನ್ನು ಅಳವಡಿಸುವಾಗ "ಒಪ್ಪಿದ್ದೇನೆ" ಎಂದು ಒತ್ತುವ ಗುಂಡಿಗೆ ಕಾನೂನಿನ ಬೆಲೆಯಿದೆಯೇ ಎಂದು ಕೆಲವರು ಕೇಳುವುದುಂಟು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ಕ್ಕೆ 2008ರ ತಿದ್ದುಪಡಿಯಿಂದ ಸೇರಿಸಲಾದ 10ಎ ಪ್ರಕರಣದಂತೆ, ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಯಾವ ಕರಾರೂ ಅಸಿಂಧುವಾಗುವುದಿಲ್ಲ. ಆದರೆ ಆ ಕರಾರು ಆಟಗಾರ ಮತ್ತು ಕಂಪನಿಯ ನಡುವಣದ್ದು. ವರ್ತಕನು ಅದರಲ್ಲಿ ಪಕ್ಷಗಾರನಲ್ಲ.

ಹಾಗೆಂದು ವರ್ತಕನು ನಿಶ್ಚಿಂತನಾಗಿರುವಂತಿಲ್ಲ. ಆತನಿಗೂ ಗ್ರಾಹಕನಿಗೂ ನಡುವೆ ಬೇರೆಯೇ ಒಂದು ಕರಾರು ಇದೆ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಪ್ರಕರಣದ ಪ್ರಕಾರ, ಗ್ರಾಹಕನು ತನ್ನ ನಿರ್ದಿಷ್ಟ ಉದ್ದೇಶವನ್ನು ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ, ಆತನು ಸಾಮಾನ್ಯವಾಗಿ ಮಾರುವ ಸರಕನ್ನು ಕೊಂಡರೆ, ಅದು ಆ ಉದ್ದೇಶಕ್ಕೆ ತಕ್ಕಮಟ್ಟಿಗೆ ಯೋಗ್ಯವಾಗಿರಬೇಕೆಂಬ ಷರತ್ತು ಹೇಳದೆಯೇ ಅಡಕವಾಗಿರುತ್ತದೆ. ಹೆಸರಾಂತ ಗುರುತಿನ ಸಿದ್ಧ ಸರಕನ್ನು ಆ ಹೆಸರಿನಿಂದಲೇ ಕೇಳಿ ಕೊಂಡಾಗ ಈ ಷರತ್ತಿಗೆ ವಿನಾಯಿತಿಯುಂಟು. ಆದರೆ "ಈ ಆಟಕ್ಕೆ ಬೇಕು, ನೀವೇ ನೋಡಿ ಜೋಡಿಸಿಕೊಡಿ" ಎಂದು ಕೇಳಿ ಕೊಳ್ಳುವ ಯಂತ್ರಕ್ಕೆ ಆ ವಿನಾಯಿತಿಯನ್ನು ನೆಚ್ಚಿಕೊಳ್ಳುವುದು ಕಷ್ಟ.

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ವ್ಯಾಖ್ಯೆಯಂತೆ, ವರ್ತಕನು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟವು ಸರಕಿನಲ್ಲಿ ಇಲ್ಲದಿದ್ದರೆ ಅದೂ ದೋಷವೇ. ಬಾಯಿಮಾತು, ಫಲಕ, ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ "ಯಾವುದೇ ರೀತಿ"ಯೊಳಗೆ ಬರುತ್ತವೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲವೆಂದು ಕಾಯ್ದೆ ಹೇಳುತ್ತದಾದರೂ, ಸ್ವಂತ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡವರಿಗೆ ರಕ್ಷಣೆಯನ್ನು ಉಳಿಸಿದೆ. ತಾನೇ ಕುಳಿತು ಸಣ್ಣ ಪಾರ್ಲರ್ ನಡೆಸುವವನು ಈ ರಕ್ಷಣೆಯನ್ನು ಕೋರಬಹುದು. 5 ಲಕ್ಷ ರೂಪಾಯಿಗಳವರೆಗಿನ ಬೆಲೆಯ ಪ್ರಕರಣಗಳಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲವೆಂಬುದನ್ನು ನೆನಪಿಡಬೇಕು.

ಇನ್ನು ಕೆಲವರು ವರ್ಚುವಲ್ ಯಂತ್ರದ ಗುರುತನ್ನು ಮರೆಮಾಚಿ, ಅದು ನಿಜ ಯಂತ್ರವೆಂದು ಆಟವನ್ನು ನಂಬಿಸುವ ಮಾರ್ಪಾಡನ್ನು ಸೇವೆಯಾಗಿ ಮಾರಲು ಮುಂದಾಗಬಹುದು. ಇದು ಗ್ರಾಹಕನಿಂದ ಆತನ ಕರಾರನ್ನು ಮುರಿಸಿದಂತಾಗುತ್ತದೆ. ಇಂದು ಮರೆಯಾದುದು ಮುಂದಿನ ಪರಿಷ್ಕರಣೆಯಲ್ಲಿ ಪತ್ತೆಯಾದಾಗ, ವರ್ಷಗಟ್ಟಲೆ ಆಡಿ ಹಣ ತೆತ್ತು ಬೆಳೆಸಿದ ಖಾತೆ ಹೋಗುವುದು ಗ್ರಾಹಕನದು, ಹೆಸರು ಕೆಡುವುದು ಅಂಗಡಿಯದು.

ಪಾರ್ಲರ್ ನಡೆಸುವವರ ಗಮನಕ್ಕೆ

ಸಾರ್ವಜನಿಕರಿಗೆ ಅಂತರ್ಜಾಲ ಒದಗಿಸುವ ಸ್ಥಳಗಳಿಗೆ 2011ರ ಸೈಬರ್ ಕೆಫೆ ಮಾರ್ಗಸೂಚಿ ನಿಯಮಗಳು ಅನ್ವಯಿಸುತ್ತವೆ. ಗಿರಾಕಿಯ ಗುರುತಿನ ವಿವರ, ಯಾವ ಯಂತ್ರದಲ್ಲಿ ಕುಳಿತರು, ಆರಂಭಿಸಿದ ಮತ್ತು ಮುಗಿಸಿದ ಸಮಯ ಇವುಗಳ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಯ್ದಿರಿಸಬೇಕು. ಒಂದೇ ಯಂತ್ರದಲ್ಲಿ ಹಲವು ಆಸನಗಳಿದ್ದರೆ ಪ್ರತಿ ಆಸನಕ್ಕೂ ಪ್ರತ್ಯೇಕ ಗುರುತು ಕೊಟ್ಟು ದಾಖಲಿಸದಿದ್ದಲ್ಲಿ, ತನಿಖೆಯ ಸಂದರ್ಭದಲ್ಲಿ ಯಾರು ಏನು ಮಾಡಿದರೆಂದು ತೋರಿಸಲು ಸಾಧ್ಯವಾಗದು.

ಹಣ ಪಣಕ್ಕಿಡುವ ಆಟಗಳ ವಿಷಯ ಬೇರೆಯೇ ಆಗಿದೆ. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಅನಂತರ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಈ ಕಾಯ್ದೆಯು ಇ-ಕ್ರೀಡೆ ಮತ್ತು ಸಾಮಾಜಿಕ ಆಟಗಳನ್ನು ಮಾನ್ಯ ಮಾಡಿ, ಹಣದ ಆಟಗಳನ್ನು ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 1 ಕೋಟಿ ರೂಪಾಯಿಗಳವರೆಗೆ ದಂಡವನ್ನು ನಿಗದಿಪಡಿಸಿದೆ. ಜಾಹೀರಾತು ನೀಡುವವರಿಗೂ ಶಿಕ್ಷೆಯುಂಟು. ಪಾರ್ಲರ್‌ನ ಫಲಕದಲ್ಲಿ ಇಂತಹ ಆಟದ ಹೆಸರು ಕಾಣದಂತೆ ನೋಡಿಕೊಳ್ಳುವುದು ಕ್ಷೇಮ.

ವರ್ತಕರು ಅನುಸರಿಸಬಹುದಾದ ಕ್ರಮಗಳು

1. ಯಂತ್ರದ ಅಂದಾಜು ಪಟ್ಟಿ ಬರೆಯುವ ಮೊದಲು, ಗ್ರಾಹಕನು ಯಾವ ಆಟಗಳನ್ನು ಆಡಲಿದ್ದಾನೆಂದು ಹೆಸರು ಹಿಡಿದು ಕೇಳಿ ಬರೆದುಕೊಳ್ಳಬೇಕು. ಆ ಆಟದ ಅಧಿಕೃತ ಸಹಾಯ ಪುಟದಲ್ಲಿ ವರ್ಚುವಲ್ ಯಂತ್ರ ಮತ್ತು ಎಮ್ಯುಲೇಟರ್ ಕುರಿತ ನಿಯಮವನ್ನು ನೋಡಬೇಕು.

2. ಸ್ಪರ್ಧಾತ್ಮಕ ಆಟಗಳಿಗಾದರೆ ಪ್ರತಿ ಆಸನಕ್ಕೂ ಪ್ರತ್ಯೇಕ ಯಂತ್ರವನ್ನೇ ಸೂಚಿಸಬೇಕು. ಡಿಸ್ಕಿನ ವೆಚ್ಚವನ್ನೂ ನಿರ್ವಹಣೆಯ ಶ್ರಮವನ್ನೂ ಉಳಿಸಬೇಕೆಂದಿದ್ದರೆ, ಎಲ್ಲ ಯಂತ್ರಗಳೂ ಒಂದೇ ಸರ್ವರ್‌ನಿಂದ ವಿಂಡೋಸ್ ಮತ್ತು ಆಟಗಳನ್ನು ಪಡೆಯುವ ಡಿಸ್ಕ್‌ರಹಿತ ವ್ಯವಸ್ಥೆಯನ್ನು ಪರಿಶೀಲಿಸಬಹುದು. ಇಲ್ಲಿ ಸಂಸ್ಕಾರಕ ಹಾಗೂ ಗ್ರಾಫಿಕ್ಸ್ ಕಾರ್ಡ್ ಪ್ರತಿ ಆಸನಕ್ಕೂ ನಿಜವಾದವೇ ಆಗಿದ್ದು, ಕೆಳಗೆ ಹೈಪರ್‌ವೈಸರ್ ಇರುವುದಿಲ್ಲ. ಆದರೆ ಮುಂದಿನ ಅಂಶದಲ್ಲಿ ಹೇಳಿರುವ ಸೌಲಭ್ಯಗಳೊಂದಿಗೆ ಅದು ಹೊಂದುವುದೇ ಎಂದು ಒಂದು ಯಂತ್ರದಲ್ಲಿ ಪರೀಕ್ಷಿಸಿದ ನಂತರವೇ ಉಳಿದವನ್ನು ಪೂರೈಸಬೇಕು.

3. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಚಾಲನೆಯಲ್ಲಿರಬೇಕು. 2025ರ ಅಕ್ಟೋಬರ್‌ನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಆಟವೂ ಸೆಕ್ಯೂರ್ ಬೂಟ್ ಕೇಳುತ್ತದೆ. ಯಂತ್ರ ಜೋಡಿಸುವಾಗಲೇ ಡಿಸ್ಕನ್ನು ಜಿಪಿಟಿ ಕ್ರಮದಲ್ಲಿ ಸಿದ್ಧಪಡಿಸಿ, ಬಯೋಸ್‌ನಲ್ಲಿ ಈ ಎರಡನ್ನೂ ಚಾಲನೆಗೊಳಿಸಿ ಕೊಟ್ಟರೆ ಗ್ರಾಹಕನು ಮರಳಿ ಅಲೆಯುವುದು ತಪ್ಪುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ವ್ಯವಸ್ಥೆಯನ್ನು ಹೊಸ ಯಂತ್ರದಲ್ಲಿ ಕೊಡುವುದು ಸೂಕ್ತವಲ್ಲ.

4. ಹಳೆಯ ಮದರ್‌ಬೋರ್ಡ್ ಅಥವಾ ಡಿಸ್ಕ್ ಕೊಳ್ಳುವಾಗ ಕ್ರಮಸಂಖ್ಯೆ ಮತ್ತು ಮಾರಿದವರ ವಿವರವನ್ನು ದಾಖಲಿಸಬೇಕು. ಆಟಕ್ಕೆಂದು ಮಾರುವ ಹಳೆಯ ಯಂತ್ರವನ್ನು ಗ್ರಾಹಕನ ಎದುರಿನಲ್ಲಿಯೇ, ಆತನ ಆಯ್ಕೆಯ ಆಟವನ್ನು ತೆರೆದು ತೋರಿಸಿ ಒಪ್ಪಿಸಬೇಕು.

5. ಗ್ರಾಹಕನು ವರ್ಚುವಲ್ ಯಂತ್ರದ ವ್ಯವಸ್ಥೆಯೇ ಬೇಕೆಂದು ಒತ್ತಾಯಿಸಿದರೆ, ಬಿಲ್ಲಿನಲ್ಲಿ ಈ ಕೆಳಗಿನಂತೆ ಬರೆದು ಸಹಿ ಪಡೆಯುವುದು ಒಳಿತು: "ಈ ಯಂತ್ರದಲ್ಲಿ ವರ್ಚುವಲ್ ವ್ಯವಸ್ಥೆಯನ್ನು ಗ್ರಾಹಕರ ಕೋರಿಕೆಯಂತೆ ಅಳವಡಿಸಲಾಗಿದೆ. ಕೆಲವು ಅಂತರ್ಜಾಲ ಆಟಗಳು ಇದರಲ್ಲಿ ನಡೆಯುವುದಿಲ್ಲ ಹಾಗೂ ಆಟದ ಕಂಪನಿಯು ಖಾತೆಯನ್ನು ರದ್ದುಪಡಿಸಬಹುದು ಎಂಬುದನ್ನು ಗ್ರಾಹಕರಿಗೆ ಮಾರಾಟಕ್ಕೆ ಮುನ್ನ ತಿಳಿಸಲಾಗಿದೆ."

6. ಆಟದ ನಿಯಮಗಳು ಪರಿಷ್ಕರಣೆಯೊಂದಿಗೆ ಬದಲಾಗುತ್ತವೆ. ಆದುದರಿಂದ "ಈ ದಿನಾಂಕದಂದು ಪರೀಕ್ಷಿಸಿದಾಗ ಈ ಆಟ ಈ ಯಂತ್ರದಲ್ಲಿ ನಡೆಯಿತು" ಎಂದಷ್ಟೇ ಬರೆದುಕೊಡಬೇಕು. "ಯಾವ ಆಟವಾದರೂ ನಡೆಯುತ್ತದೆ" ಎಂಬ ಮಾತನ್ನು ಫಲಕದಲ್ಲಿಯಾಗಲಿ, ಬಾಯಿಯಲ್ಲಾಗಲಿ ಆಡಬಾರದು.

ಪ್ರತ್ಯೇಕ ವಿವಾದಗಳಲ್ಲಿ ವಕೀಲರ ಸಲಹೆ ಪಡೆಯುವುದು ಅಗತ್ಯವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ವಿವಾದ ಹುಟ್ಟದಂತೆ ನೋಡಿಕೊಳ್ಳಲು ವಕೀಲರು ಬೇಕಿಲ್ಲ. ಬೆಲೆಯಲ್ಲಿ ನಮ್ಮೊಂದಿಗೆ ಪೈಪೋಟಿ ನಡೆಸುವ ಅಂತರ್ಜಾಲ ಮಳಿಗೆಗಳು ಇಂದು ಹಲವಾರಿವೆ. ಆದರೂ ದೂರದ ಊರುಗಳಿಂದ ಗ್ರಾಹಕರು ಬಸ್ಸು ಹತ್ತಿ ಎಸ್.ಪಿ. ರಸ್ತೆಗೆ ಬರುವುದು, ಎದುರು ನಿಂತು ಕೇಳಿದರೆ ನಿಜವಾದ ಉತ್ತರ ಸಿಗುತ್ತದೆಂಬ ನಂಬಿಕೆಯಿಂದ. "ಈ ಆಟ ಇದರಲ್ಲಿ ನಡೆಯುವುದಿಲ್ಲ" ಎಂದು ಮೊದಲೇ ಹೇಳಿದರೆ ಒಂದು ದಿನದ ವ್ಯಾಪಾರ ಕಡಿಮೆಯಾಗಬಹುದು. ಆದರೆ ಹಾಗೆ ಹೇಳಿದ ಅಂಗಡಿಗೇ ಆ ಗ್ರಾಹಕನು ಮುಂದಿನ ಯಂತ್ರಕ್ಕೂ ಬರುತ್ತಾನೆ.